ಗರ್ಭಾವಸ್ಥೆಯಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆ

ಬಸುರಿಯಾಗಿರುವಾಗ ಅಥವಾ ಹೆರಿಗೆಯಾದ ಒಂದು ವರ್ಷದೊಳಗೆ ಪತ್ತೆಯಾಗುವ ಸ್ತನ ಕ್ಯಾನ್ಸರನ್ನು ವೈದ್ಯಶಾಸ್ತ್ರ ಬಹುಕಾಲ ಒಂದೇ ಗುಂಪಿಗೆ ಸೇರಿಸಿತ್ತು. ಈಗ ಬಸುರಿಯಲ್ಲಿ ಕಂಡದ್ದನ್ನು ಬೇರೆಯಾಗಿ, ಬಾಣಂತಿಯಲ್ಲಿ ಕಂಡದ್ದನ್ನು ಬೇರೆಯಾಗಿ ನೋಡುವ ರೂಢಿ ಬಂದಿದೆ. ಎರಡರ ಚಿಕಿತ್ಸೆಯೂ ಒಂದೇ ಅಲ್ಲ, ರೋಗಿಯ ಮುಂದಿನ ಗತಿಯೂ ಒಂದೇ ಅಲ್ಲ. ಇಲ್ಲಿನ ವಿವರಣೆ ಮುಖ್ಯವಾಗಿ ಬಸುರಿಯ ಚಿಕಿತ್ಸೆಯನ್ನು ಕುರಿತದ್ದು. 3,000ದಿಂದ 10,000 ಬಸಿರುಗಳಿಗೆ ಒಂದರಂತೆ ಈ ರೋಗ ಕಾಣಿಸುತ್ತದೆ ಎಂಬುದು ಸಾಮಾನ್ಯ ಅಂದಾಜು. ಬಸಿರಿನಲ್ಲಿ ಕಾಣಿಸಿಕೊಳ್ಳುವ ಕ್ಯಾನ್ಸರುಗಳಲ್ಲಿ ಅತಿ ಹೆಚ್ಚಿನದು ಇದೇ. ಮೊದಲ ಹೆರಿಗೆ ಮೂವತ್ತರ ಆಚೆಗೆ ಜಾರುತ್ತಿರುವ ಸಮಾಜಗಳಲ್ಲಿ ಇದರ ಪ್ರಮಾಣ ಏರುತ್ತಿದೆ, ಏಕೆಂದರೆ ವಯಸ್ಸಿನೊಂದಿಗೆ ಸ್ತನ ಕ್ಯಾನ್ಸರಿನ ಸಂಭವವೂ ಹೆಚ್ಚುತ್ತದೆ. ಭಾರತದಲ್ಲಿ ಹೆಂಗಸರಿಗೆ ತಗಲುವ ಕ್ಯಾನ್ಸರುಗಳಲ್ಲಿ ಮೊದಲ ಸ್ಥಾನ ಸ್ತನ ಕ್ಯಾನ್ಸರಿನದು. 2022ರ ಜಾಗತಿಕ ಅಂದಾಜಿನಂತೆ ಆ ವರ್ಷ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣಗಳಿದ್ದವು. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಇಲ್ಲಿನ ರೋಗಿಗಳ ಸರಾಸರಿ ವಯಸ್ಸು ಸುಮಾರು ಒಂದು ದಶಕದಷ್ಟು ಕಡಿಮೆ.

ಅಭಿಪ್ರಾಯ ಬದಲಾದ ಬಗೆ

ಬಸಿರು ಮತ್ತು ಸ್ತನ ಕ್ಯಾನ್ಸರ್ ಒಟ್ಟಿಗೆ ಬಂದರೆ ಬದುಕುವ ಆಸೆಯಿಲ್ಲ ಎಂಬುದು ಹತ್ತೊಂಬತ್ತನೆಯ ಶತಮಾನದ ಶಸ್ತ್ರವೈದ್ಯರ ನಂಬಿಕೆಯಾಗಿತ್ತು. ಇಂಥ ಗಡ್ಡೆಗಳು ವಿಪರೀತ ವೇಗದಲ್ಲಿ ಬೆಳೆದು ಬೇಗನೆ ಪ್ರಾಣ ತೆಗೆಯುತ್ತವೆ ಎಂದು ಅಮೆರಿಕದ ಸ್ಯಾಮ್ಯುಯೆಲ್ ಗ್ರಾಸ್ 1880ರಲ್ಲಿ ಬರೆದರು. ನ್ಯೂಯಾರ್ಕಿನ ಹಾಗೆನ್ಸನ್ ಮತ್ತು ಸ್ಟೌಟ್ 1943ರಲ್ಲಿ ಇನ್ನೂ ಮುಂದೆ ಹೋಗಿ, ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲದ ಸ್ಥಿತಿಗಳ ಪಟ್ಟಿಯಲ್ಲಿ ಬಸಿರನ್ನೂ ಹಾಲೂಡಿಕೆಯನ್ನೂ ಸೇರಿಸಿದರು. ಆ ಮಾತಿಗೆ ಆಧಾರವಾದ ರೋಗಿಗಳ ಸಂಖ್ಯೆ ತೀರ ಚಿಕ್ಕದು; ಅವರಲ್ಲಿ ಬಹುತೇಕರು ಆಸ್ಪತ್ರೆಗೆ ಬರುವಷ್ಟರಲ್ಲಿ ರೋಗ ಬಲಿತಿತ್ತು. ವಿಚಿತ್ರವೆಂದರೆ, ಆರು ವರ್ಷ ಮೊದಲೇ, 1937ರಲ್ಲಿ, ಮೇಯೊ ಕ್ಲಿನಿಕ್‌ನ ಹ್ಯಾರಿಂಗ್ಟನ್ ಇದಕ್ಕೆ ಉತ್ತರವಾಗಬಲ್ಲ ಲೆಕ್ಕವನ್ನು ಪ್ರಕಟಿಸಿದ್ದರು. ರೋಗ ಕಂಕುಳ ಗ್ರಂಥಿಗಳಿಗೆ ಹರಡಿರದ ಬಸುರಿಯರು ಚೆನ್ನಾಗಿಯೇ ಬದುಕಿದ್ದರೆಂದೂ, ಗತಿ ನಿರ್ಧರಿಸುವುದು ಬಸಿರಲ್ಲ, ರೋಗ ಎಷ್ಟು ಹರಡಿದೆ ಎಂಬುದೆಂದೂ ಅದು ತೋರಿಸುತ್ತಿತ್ತು. ಹಾಗೆನ್ಸನ್ ಮುಂದೆ ತಮ್ಮ ನಿಲುವನ್ನು ಸಡಿಲಿಸಿದರು. ಆದರೂ ‘ಮೊದಲು ಬಸಿರು ತೆಗೆಸಿ, ಆಮೇಲೆ ಚಿಕಿತ್ಸೆ’ ಎಂಬ ಸಲಹೆ ಹಲವು ದಶಕ ಉಳಿಯಿತು, ಕೆಲವೆಡೆ ಇಂದಿಗೂ ಕೇಳಿಬರುತ್ತದೆ.

ನಿಜವಾದ ತಿರುವು ಬಂದದ್ದು ಬಸಿರಿನಲ್ಲೇ ಕೀಮೋಥೆರಪಿ ಕೊಡುವ ಧೈರ್ಯ ಮಾಡಿದ ಮೇಲೆ. ಹ್ಯೂಸ್ಟನ್ ನಗರದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ವೈದ್ಯರು ಮೊದಲ ಮೂರು ತಿಂಗಳ ನಂತರ ಕೀಮೋ ಪಡೆದ 24 ಬಸುರಿಯರ ಅನುಭವವನ್ನು 1999ರಲ್ಲಿ ಪ್ರಕಟಿಸಿದರು. ಸಂಖ್ಯೆ ಸಣ್ಣದಾದರೂ ಎಲ್ಲರಿಗೂ ಒಂದೇ ಕ್ರಮದ ಔಷಧಿ ಕೊಟ್ಟು ಫಲಿತಾಂಶ ದಾಖಲಿಸಿದ್ದರಿಂದ ಆ ವರದಿಗೆ ತೂಕ ಬಂತು. ಬಳಿಕ ಜರ್ಮನಿಯಲ್ಲಿ ಸಿಬಿಲ್ಲೆ ಲೋಯ್ಬಲ್ ಅವರ ನೇತೃತ್ವದಲ್ಲಿಯೂ ಬೆಲ್ಜಿಯಮ್ಮಿನ ಲ್ಯೂವನ್‌ನಲ್ಲಿ ಫ್ರೆಡರಿಕ್ ಅಮಾಂಟ್ ಅವರ ನೇತೃತ್ವದಲ್ಲಿಯೂ ಅನೇಕ ದೇಶಗಳ ರೋಗಿಗಳ ದಾಖಲೆ ಕಲೆಹಾಕುವ ಕೆಲಸ ಆರಂಭವಾಯಿತು. ಬಸುರಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಔಷಧಿ ಪರೀಕ್ಷಿಸುವುದು ನೈತಿಕವಾಗಿ ಆಗದ ಮಾತು. ಹಾಗಾಗಿ ಈ ಕ್ಷೇತ್ರದ ತಿಳಿವಳಿಕೆಯೆಲ್ಲ ಇಂಥ ದಾಖಲೆಗಳ ಮೇಲೆಯೇ ನಿಂತಿದೆ.

ರೋಗ ಪತ್ತೆ

ಬಸಿರಿನಲ್ಲಿ ಸ್ತನ ತುಂಬಿಕೊಳ್ಳುತ್ತದೆ, ಗಟ್ಟಿಯಾಗುತ್ತದೆ, ಅಲ್ಲಲ್ಲಿ ಗಂಟುಗಂಟಾಗುತ್ತದೆ. ಒಳಗೆ ಹುಟ್ಟಿದ ಗಡ್ಡೆ ಇದರ ನಡುವೆ ಅಡಗಿಕೊಳ್ಳುತ್ತದೆ. ಕೈಗೆ ಸಿಕ್ಕರೂ ‘ಹಾಲು ಕಟ್ಟಿಕೊಂಡಿದೆ, ಹೆರಿಗೆಯಾದರೆ ಸರಿಹೋಗುತ್ತದೆ’ ಎಂದು ಮನೆಯವರು ಸಮಾಧಾನ ಹೇಳುವುದುಂಟು. ವೈದ್ಯರೇ ಹೇಳುವುದೂ ಅಪರೂಪವಲ್ಲ. ಅದಕ್ಕೆ ಕಾರಣವಿಲ್ಲದಿಲ್ಲ: ಬಸುರಿಯರ ಸ್ತನದಲ್ಲಿ ಸಿಗುವ ಗಂಟುಗಳಲ್ಲಿ ನೂರಕ್ಕೆ ಎಂಬತ್ತರಷ್ಟು ನಿರಪಾಯಕರ. ಉಳಿದವುಗಳ ವಿಷಯದಲ್ಲಿ ಈ ಸಮಾಧಾನ ತಿಂಗಳುಗಟ್ಟಲೆ ವಿಳಂಬವಾಗಿ ಪರಿಣಮಿಸುತ್ತದೆ. ಬಸಿರಿನ ಕ್ಯಾನ್ಸರುಗಳು ಹೆಚ್ಚಾಗಿ ಮುಂದುವರಿದ ಹಂತದಲ್ಲಿ ಸಿಗುವುದಕ್ಕೆ ಗಡ್ಡೆಯ ಸ್ವಭಾವದಷ್ಟೇ ಈ ವಿಳಂಬವೂ ಕಾರಣ. ಎರಡು ವಾರ ಕಳೆದರೂ ಕರಗದ ಗಂಟನ್ನು ಪರೀಕ್ಷೆ ಮಾಡಿಸಲೇಬೇಕು ಎಂಬುದು ಒಪ್ಪಿತ ನಿಯಮ. ಬಸುರಿ ಪ್ರತಿ ತಿಂಗಳೂ ತಪಾಸಣೆಗೆ ಬರುತ್ತಾಳೆ. ತಾಯಿ ಕಾರ್ಡಿನಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ದಾಖಲಾಗುತ್ತವೆ. ಅಷ್ಟು ಸಲ ವೈದ್ಯರ ಮುಂದೆ ಕೂರುವ ಹೆಂಗಸಿನ ಸ್ತನವನ್ನು ಒಮ್ಮೆ ಮುಟ್ಟಿ ನೋಡುವುದಕ್ಕೆ ಐದು ನಿಮಿಷ ಸಾಕು. ಹಾಲೂಡಿಸುವಾಗ ಮಗು ಒಂದೇ ಸ್ತನವನ್ನು ಪದೇ ಪದೇ ನಿರಾಕರಿಸುವುದೂ ಕೆಲವರಲ್ಲಿ ಮುನ್ಸೂಚನೆಯಾಗಿ ಕಂಡಿದೆ.

ಮೊದಲ ಪರೀಕ್ಷೆ ಅಲ್ಟ್ರಾಸೌಂಡ್ ಸ್ಕ್ಯಾನ್; ಇದರಲ್ಲಿ ವಿಕಿರಣವೇ ಇಲ್ಲ. ಹೊಟ್ಟೆಯ ಮೇಲೆ ಸೀಸದ ಹೊದಿಕೆ ಹಾಕಿ ಮ್ಯಾಮೊಗ್ರಾಮ್ ತೆಗೆಯುವುದಕ್ಕೂ ಅಡ್ಡಿಯಿಲ್ಲ, ಭ್ರೂಣಕ್ಕೆ ತಲುಪುವ ವಿಕಿರಣ ಗಣನೆಗೆ ಬಾರದಷ್ಟು ಅಲ್ಪ. ಆದರೆ ದಟ್ಟವಾದ ಸ್ತನದಲ್ಲಿ ಮ್ಯಾಮೊಗ್ರಾಮ್ ಗಡ್ಡೆಯನ್ನು ಕಾಣದೆ ಬಿಡಬಹುದು. ಅದು ಸರಿಯಿದೆಯೆಂದು ಸುಮ್ಮನಾಗುವಂತಿಲ್ಲ. ಎಂಆರ್‌ಐ ಮಾಡುವಾಗ ಕೊಡುವ ಗ್ಯಾಡೊಲಿನಿಯಮ್ ಮಾಸು ದಾಟಿ ಭ್ರೂಣವನ್ನು ಸೇರುವುದರಿಂದ ಅದನ್ನು ಬಿಡಲಾಗುತ್ತದೆ. ಖಚಿತ ಉತ್ತರ ಕೊಡುವುದು ದಪ್ಪ ಸೂಜಿಯಿಂದ ಅಂಗಾಂಶದ ತುಣುಕು ತೆಗೆಯುವ ಬಯಾಪ್ಸಿ. ಸಣ್ಣ ಸೂಜಿಯಿಂದ ಬರಿಯ ಕೋಶಗಳನ್ನು ಹೀರಿ ನೋಡುವ ಪರೀಕ್ಷೆ ಇಲ್ಲಿ ದಾರಿ ತಪ್ಪಿಸಬಲ್ಲದು, ಏಕೆಂದರೆ ಬಸಿರಿನಲ್ಲಿ ಆರೋಗ್ಯವಂತ ಸ್ತನದ ಕೋಶಗಳೂ ವೇಗವಾಗಿ ವಿಭಜನೆಗೊಂಡು ಕ್ಯಾನ್ಸರಿನಂತೆಯೇ ತೋರುತ್ತವೆ. ತುಣುಕಿನ ಜೊತೆ ಹೋಗುವ ಚೀಟಿಯಲ್ಲಿ ರೋಗಿ ಬಸುರಿ, ಇಷ್ಟು ವಾರ ಎಂದು ಬರೆಯುವುದನ್ನು ಮರೆತರೆ ಪ್ರಯೋಗಾಲಯ ತಪ್ಪು ತೀರ್ಮಾನಕ್ಕೆ ಬರಬಹುದು. ಬಯಾಪ್ಸಿ ಮಾಡಿದ ಜಾಗದಿಂದ ಹಾಲು ಸೋರುವ ತೊಂದರೆ ಆಗೀಗ ಕಾಣುತ್ತದೆ, ಅಪಾಯಕಾರಿಯಲ್ಲ.

ಹೀಗೆ ಸಿಗುವ ಗಡ್ಡೆಗಳಲ್ಲಿ ಬಹುಪಾಲು ಹಾಲ್ನಾಳಗಳಿಂದ ಹುಟ್ಟಿದ, ಸುತ್ತಲ ಅಂಗಾಂಶಕ್ಕೆ ನುಗ್ಗಿದ ಬಗೆಯವು. ಈಸ್ಟ್ರೊಜೆನ್ ಗ್ರಾಹಕವಿಲ್ಲದವು, ಹರ್-2 ಪ್ರೊಟೀನು ಅತಿಯಾಗಿರುವವು ಇವುಗಳಲ್ಲಿ ಹೆಚ್ಚು. ಬಸುರಿಯಲ್ಲದ ಚಿಕ್ಕ ವಯಸ್ಸಿನ ರೋಗಿಗಳಲ್ಲೂ ಚಿತ್ರ ಹೆಚ್ಚು ಕಡಿಮೆ ಇದೇ. ರೋಗ ಹರಡಿದೆಯೇ ಎಂದು ತಿಳಿಯಲು ಹೊಟ್ಟೆಯನ್ನು ಮರೆಮಾಡಿ ತೆಗೆದ ಎದೆಯ ಎಕ್ಸ್‌ರೇ, ಯಕೃತ್ತಿನ ಸ್ಕ್ಯಾನ್, ಅಗತ್ಯವಿದ್ದರೆ ಗ್ಯಾಡೊಲಿನಿಯಮ್ ಇಲ್ಲದ ಎಂಆರ್‌ಐ ಬಳಸುತ್ತಾರೆ. ಸಿಟಿ, ಪೆಟ್ ಸ್ಕ್ಯಾನುಗಳು ಮತ್ತು ಮೂಳೆಯ ವಿಕಿರಣ ಸ್ಕ್ಯಾನ್ ಹೆರಿಗೆಯ ನಂತರಕ್ಕೆ. ಎಲ್ಲ ರೋಗಿಗಳೂ ಚಿಕ್ಕ ವಯಸ್ಸಿನವರಾದ್ದರಿಂದ ಬಿಆರ್‌ಸಿಎ ವಂಶವಾಹಿಗಳ ಪರೀಕ್ಷೆಯನ್ನೂ ಸೂಚಿಸಲಾಗುತ್ತದೆ.

ಬಸಿರು ಉಳಿಸಿಕೊಳ್ಳುವ ಪ್ರಶ್ನೆ

ಬಸಿರು ತೆಗೆಸಿದ್ದರಿಂದ ತಾಯಿಯ ಆಯಸ್ಸು ಹೆಚ್ಚಿತೆಂದು ಯಾವ ಅಧ್ಯಯನವೂ ತೋರಿಸಿಲ್ಲ. ಹಾಗೆಂದು ಈ ಆಯ್ಕೆ ಅಪ್ರಸ್ತುತವಲ್ಲ. ಮೊದಲ ಮೂರು ತಿಂಗಳಲ್ಲೇ ತೀವ್ರವಾದ, ಹರಡಿದ ರೋಗ ಕಂಡು ಕೀಮೋಥೆರಪಿಯನ್ನು ಮುಂದೂಡಲಾಗದೆ ಹೋದಾಗ, ಅಥವಾ ಬಸಿರಿನಲ್ಲಿ ಬಳಸಲಾಗದ ಔಷಧಿಯೇ ಮುಖ್ಯವಾದಾಗ, ಅದರ ವಿಚಾರ ಬರುತ್ತದೆ. ಭಾರತದ ಕಾನೂನಿನಲ್ಲಿ, 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಮತ್ತು ಅದರ 2021ರ ತಿದ್ದುಪಡಿಯ ಪ್ರಕಾರ, ತಾಯಿಯ ಪ್ರಾಣಕ್ಕೆ ಅಥವಾ ಆರೋಗ್ಯಕ್ಕೆ ಗಂಭೀರ ಅಪಾಯವಿದ್ದರೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ನಿಯಮಗಳು ಹೆಸರಿಸಿದ ವರ್ಗದವರಿಗೆ 24 ವಾರದವರೆಗೆ ಇಬ್ಬರ ಅಭಿಪ್ರಾಯ ಬೇಕು. ಪ್ರಾಣ ಉಳಿಸಲು ತಕ್ಷಣವೇ ಅಗತ್ಯವಾದರೆ ವಾರಗಳ ಮಿತಿಯಿಲ್ಲ. ವಯಸ್ಕ ಹೆಂಗಸಿನ ಒಪ್ಪಿಗೆಯೊಂದೇ ಕಾನೂನಿಗೆ ಬೇಕಾದದ್ದು. ಗಂಡನ ಸಹಿ, ಅತ್ತೆ ಮಾವಂದಿರ ಒಪ್ಪಿಗೆ ಕೇಳುವ ಆಸ್ಪತ್ರೆಯ ರೂಢಿಗೆ ಕಾಯ್ದೆಯಲ್ಲಿ ಆಧಾರವಿಲ್ಲ.

ಶಸ್ತ್ರಚಿಕಿತ್ಸೆ

ಚಿಕಿತ್ಸೆಗಳಲ್ಲಿ ಬಸಿರಿನ ಯಾವ ಹಂತದಲ್ಲೂ ಮಾಡಬಹುದಾದದ್ದು ಶಸ್ತ್ರಚಿಕಿತ್ಸೆ. ಮೊದಲ ಮೂರು ತಿಂಗಳಲ್ಲಿ ಗರ್ಭಪಾತದ ಸಂಭವ ಕೊಂಚ ಹೆಚ್ಚು ಎನ್ನುವುದನ್ನು ಬಿಟ್ಟರೆ ಇಂದಿನ ಅರಿವಳಿಕೆ ಔಷಧಿಗಳಿಂದ ಭ್ರೂಣಕ್ಕೆ ವೈಕಲ್ಯ ಬಂದ ಪುರಾವೆಯಿಲ್ಲ. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಕಾಣುವ ವ್ಯತ್ಯಾಸಗಳು ಸಣ್ಣವು, ಆದರೆ ಮುಖ್ಯವಾದವು. ಐದನೆಯ ತಿಂಗಳ ಮೇಲೆ ಬಸುರಿಯನ್ನು ಅಂಗಾತ ಮಲಗಿಸಿದರೆ ತುಂಬಿದ ಗರ್ಭಕೋಶ ಹೊಟ್ಟೆಯ ಮಹಾರಕ್ತನಾಳಗಳನ್ನು ಅದುಮಿ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ, ತಾಯಿಯ ರಕ್ತದೊತ್ತಡ ಕುಸಿಯುತ್ತದೆ. ಮಗುವಿಗೂ ರಕ್ತ ಸಾಲದಾಗುತ್ತದೆ. ಬಲ ಸೊಂಟದ ಕೆಳಗೆ ದಿಂಬು ಇಟ್ಟು, ಮೇಜನ್ನು ಎಡಕ್ಕೆ ಓರೆ ಮಾಡುವುದು ಇದಕ್ಕಾಗಿ. ಬಸುರಿಯ ಜಠರ ನಿಧಾನವಾಗಿ ಖಾಲಿಯಾಗುವುದರಿಂದ ಆಹಾರ ಶ್ವಾಸನಾಳಕ್ಕೆ ಬಾರದಂತೆ ಅರಿವಳಿಕೆ ತಜ್ಞರು ಎಚ್ಚರ ವಹಿಸುತ್ತಾರೆ. ಮಗು ಹೊರಗೆ ಬದುಕಬಲ್ಲ ವಾರ ತಲುಪಿದ್ದರೆ ಅದರ ಎದೆಬಡಿತವನ್ನೂ ಗಮನಿಸಲಾಗುತ್ತದೆ. ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಬಸಿರಿನಲ್ಲೂ ಹೆಚ್ಚು, ಕ್ಯಾನ್ಸರಿನಲ್ಲೂ ಹೆಚ್ಚು. ಹಾಗಾಗಿ ಹೆಪಾರಿನ್ ಚುಚ್ಚುಮದ್ದು ಕೊಡುವುದು ವಾಡಿಕೆ.

ಇಡೀ ಸ್ತನ ತೆಗೆಯುವುದೋ ಗಡ್ಡೆಯನ್ನಷ್ಟೇ ತೆಗೆಯುವುದೋ ಎಂಬುದನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಬಸಿರಿನ ವಾರ. ಗಡ್ಡೆಯನ್ನಷ್ಟೇ ತೆಗೆದರೆ ಉಳಿದ ಸ್ತನಕ್ಕೆ ವಿಕಿರಣ ಚಿಕಿತ್ಸೆ ಬೇಕು, ಅದು ಹೆರಿಗೆಯವರೆಗೆ ಕಾಯಬೇಕು. ಮೂರನೆಯ ತಿಂಗಳಲ್ಲಿರುವವಳಿಗೆ ಆ ಕಾಯುವಿಕೆ ಅತಿ ಉದ್ದವೆನಿಸಬಹುದು. ಆದರೆ ನಡುವಿನ ತಿಂಗಳುಗಳಲ್ಲಿ ಕೀಮೋಥೆರಪಿ ಕೊಡುವುದಿದ್ದರೆ ವಿಕಿರಣದ ಸರದಿ ಸಹಜವಾಗಿಯೇ ಹೆರಿಗೆಯ ಆಚೆಗೆ ಬೀಳುತ್ತದೆ, ಸ್ತನ ಉಳಿಸಿಕೊಳ್ಳಲು ಅವಕಾಶವಾಗುತ್ತದೆ. ಕಂಕುಳಲ್ಲಿ ರೋಗ ಮೊದಲು ತಲುಪುವ ಗ್ರಂಥಿಯನ್ನು ಗುರುತಿಸಲು ಅತ್ಯಲ್ಪ ಪ್ರಮಾಣದ ವಿಕಿರಣಶೀಲ ಟೆಕ್ನೀಶಿಯಮ್ ಬಳಸಬಹುದು. ನೀಲಿ ಬಣ್ಣದ ಚುಚ್ಚುಮದ್ದನ್ನು ಬಿಡಬೇಕು: ಕೆಲವು ಬಣ್ಣಗಳಿಂದ ತಾಯಿಗೆ ಪ್ರಾಣಾಂತಿಕ ಅಲರ್ಜಿ, ಮೆಥಿಲಿನ್ ಬ್ಲೂನಿಂದ ಭ್ರೂಣಕ್ಕೆ ಹಾನಿ ಆಗಬಹುದು. ಸ್ತನದ ಮರುರಚನೆಯನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ.

ಕೀಮೋಥೆರಪಿ

ಭ್ರೂಣದ ಅಂಗಾಂಗಗಳು ರೂಪುಗೊಳ್ಳುವುದು ಮೊದಲ ಮೂರು ತಿಂಗಳಲ್ಲಿ. ಆಗ ಕೀಮೋ ಕೊಟ್ಟರೆ ಜನ್ಮಜಾತ ವೈಕಲ್ಯದ ಸಂಭವ ನೂರಕ್ಕೆ 14ರಿಂದ 20. ಆ ಮೂರು ತಿಂಗಳು ದಾಟಿದ ಬಳಿಕ ಕೊಟ್ಟರೆ ಈ ಪ್ರಮಾಣ ನೂರಕ್ಕೆ ಸುಮಾರು ಮೂರಕ್ಕೆ ಇಳಿಯುತ್ತದೆ. ಯಾವ ಔಷಧಿಯನ್ನೂ ತೆಗೆದುಕೊಳ್ಳದ ಬಸುರಿಯರಲ್ಲೂ ಅಷ್ಟೇ ಇದೆ. ಇದರಿಂದ ಚಿಕಿತ್ಸೆಯ ಕಿಟಕಿ ಗೊತ್ತಾಗುತ್ತದೆ: 12ರಿಂದ 14ನೆಯ ವಾರ ದಾಟಿದ ಮೇಲೆ ಶುರು, 34 ಅಥವಾ 35ನೆಯ ವಾರಕ್ಕೆ ನಿಲುಗಡೆ. ಕೊನೆಯಲ್ಲಿ ನಿಲ್ಲಿಸುವ ಕಾರಣ ಬೇರೆ. ಕೀಮೋ ಕೊಟ್ಟ ಹತ್ತು ಹನ್ನೆರಡು ದಿನಕ್ಕೆ ರಕ್ತದ ಬಿಳಿಕಣಗಳೂ ಕಿರುಬಿಲ್ಲೆಗಳೂ ತಳಮುಟ್ಟುತ್ತವೆ. ಅದೇ ಹೊತ್ತಿಗೆ ಹೆರಿಗೆ ನೋವು ಬಂದರೆ ತಾಯಿಗೆ ಸೋಂಕು ಮತ್ತು ರಕ್ತಸ್ರಾವದ ಭಯ. ಮಗುವಿನ ಎಳೆಯ ಯಕೃತ್ತಿಗೂ ಮೂತ್ರಪಿಂಡಕ್ಕೂ ಔಷಧಿಯನ್ನು ಹೊರಹಾಕುವ ಶಕ್ತಿ ಸಾಲದು. ಕೊನೆಯ ಡೋಸಿಗೂ ಹೆರಿಗೆಗೂ ನಡುವೆ ಮೂರು ವಾರವಾದರೂ ಇರಬೇಕು. ಆ ಅವಧಿಯಲ್ಲಿ ಮಾಸು ಮಗುವಿನ ಪರವಾಗಿ ಔಷಧಿಯನ್ನು ತೊಳೆದುಹಾಕುತ್ತದೆ, ತಾಯಿಯ ರಕ್ತವೂ ಚೇತರಿಸಿಕೊಳ್ಳುತ್ತದೆ.

ಹೆಚ್ಚು ಅನುಭವವಿರುವುದು ಕೆಂಪು ಬಣ್ಣದ ಡಾಕ್ಸೊರೂಬಿಸಿನ್ ಅಥವಾ ಅದರ ಸೋದರ ಔಷಧಿ ಎಪಿರೂಬಿಸಿನ್ ಜೊತೆ ಸೈಕ್ಲೊಫಾಸ್ಫಮೈಡ್ ಸೇರಿಸಿ ಮೂರು ವಾರಕ್ಕೊಮ್ಮೆ ಕೊಡುವ ಕ್ರಮದಲ್ಲಿ. ಪಾಕ್ಲಿಟಾಕ್ಸೆಲ್ ಅನ್ನು ವಾರವಾರ ಕೊಡುವುದೂ ಈಗ ಸಾಮಾನ್ಯ. ಮಾಸಿನಲ್ಲಿರುವ ಸಾಗಣೆ ಪ್ರೊಟೀನುಗಳು ಈ ಔಷಧಿಗಳಲ್ಲಿ ಬಹುಪಾಲನ್ನು ತಾಯಿಯ ಕಡೆಗೇ ಹಿಂದಿರುಗಿಸುತ್ತವೆ. ಗರ್ಭಸ್ಥ ಶಿಶು ಈ ಮಟ್ಟಿಗೆ ತಾಳಿಕೊಳ್ಳುವುದಕ್ಕೆ ಅದೂ ಒಂದು ಕಾರಣ. ಮೆಥೊಟ್ರೆಕ್ಸೇಟ್ ಮಾತ್ರ ಬಸಿರಿನ ಯಾವ ಹಂತದಲ್ಲೂ ಬೇಡ. ಬಸಿರಿನಲ್ಲಿ ರಕ್ತದ ದ್ರವಭಾಗ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗಿ, ಮೂತ್ರಪಿಂಡಗಳು ಚುರುಕಾಗಿ ಕೆಲಸ ಮಾಡುವುದರಿಂದ ರಕ್ತದಲ್ಲಿ ಔಷಧಿಯ ಮಟ್ಟ ಕಡಿಮೆಯೇ ಇರುತ್ತದೆ. ಹೀಗಿದ್ದೂ ಡೋಸನ್ನು ಏರಿಸುವುದಿಲ್ಲ. ಆಯಾ ದಿನದ ತೂಕ ನೋಡಿ ಉಳಿದ ರೋಗಿಗಳ ಲೆಕ್ಕದಂತೆಯೇ ಕೊಡುತ್ತಾರೆ. ಮಗುವಿಗೆ ತೊಂದರೆಯಾದೀತೆಂದು ಹೆದರಿ ಡೋಸು ಇಳಿಸುವುದಂತೂ ದೊಡ್ಡ ತಪ್ಪು: ಭ್ರೂಣಕ್ಕೆ ಔಷಧಿ ತಾಕುವುದು ತಪ್ಪುವುದಿಲ್ಲ, ತಾಯಿಗೆ ಅದರ ಪೂರ್ಣ ಫಲವೂ ಸಿಗುವುದಿಲ್ಲ.

ವಾಂತಿ ತಡೆಯಲು ಮೆಟೊಕ್ಲೊಪ್ರಮೈಡ್, ಒಂಡಾನ್ಸೆಟ್ರಾನ್ ಕೊಡುತ್ತಾರೆ. ಸ್ಟೆರಾಯ್ಡ್ ಬೇಕಾದರೆ ಡೆಕ್ಸಾಮೆಥಾಸೋನ್ ಬದಲು ಮಿಥೈಲ್‌ಪ್ರೆಡ್ನಿಸೊಲೋನ್ ಅಥವಾ ಹೈಡ್ರೊಕಾರ್ಟಿಸೋನ್ ಮೇಲು, ಮಾಸು ಇವನ್ನು ಬಹುಪಾಲು ನಿಷ್ಕ್ರಿಯಗೊಳಿಸುತ್ತದೆ. ಪ್ರತಿ ಡೋಸಿನ ಮೊದಲು ರಕ್ತಪರೀಕ್ಷೆಯ ಜೊತೆಗೆ ಭ್ರೂಣದ ಬೆಳವಣಿಗೆ, ಗರ್ಭಜಲದ ಪ್ರಮಾಣ, ಹೊಕ್ಕುಳಬಳ್ಳಿಯ ರಕ್ತಸಂಚಾರವನ್ನು ಸ್ಕ್ಯಾನ್ ಮಾಡಿ ನೋಡಬೇಕು. ಕೀಮೋ ಪಡೆದ ತಾಯಂದಿರ ಮಕ್ಕಳ ತೂಕ ಸ್ವಲ್ಪ ಕಡಿಮೆಯಿರುವುದು ಹಲವು ದಾಖಲೆಗಳಲ್ಲಿ ಕಂಡಿದೆ.

ಹೆರಿಗೆಯ ನಂತರಕ್ಕೆ ಉಳಿಯುವ ಚಿಕಿತ್ಸೆಗಳು

ಹರ್-2 ಬಗೆಯ ಕ್ಯಾನ್ಸರಿನ ಗತಿಯನ್ನೇ ಬದಲಿಸಿದ ಟ್ರಾಸ್ಟುಜುಮಾಬ್ ಬಸಿರಿನಲ್ಲಿ ನಿಷಿದ್ಧ. ಇದು ಪ್ರತಿಕಾಯ ಜಾತಿಯ ಔಷಧಿ. ತಾಯಿಯ ರಕ್ಷಕ ಪ್ರತಿಕಾಯಗಳು ಮಗುವಿಗೆ ಹೋಗುವ ದಾರಿಯಲ್ಲೇ ಇದೂ ನಾಲ್ಕನೆಯ ತಿಂಗಳಿನಿಂದ ಮಾಸು ದಾಟುತ್ತದೆ. ಭ್ರೂಣದ ಮೂತ್ರಪಿಂಡದಲ್ಲೂ ಹರ್-2 ಇರುವುದರಿಂದ ಮೂತ್ರ ಕಡಿಮೆಯಾಗಿ, ಅದರಿಂದಲೇ ತುಂಬಬೇಕಾದ ಗರ್ಭಜಲ ಬತ್ತಿ, ಶ್ವಾಸಕೋಶ ಬಲಿಯದೆ ಶಿಶುಗಳು ಸತ್ತ ಉದಾಹರಣೆಗಳಿವೆ. ಬಸಿರು ತಿಳಿಯದೆ ಮೊದಲ ವಾರಗಳಲ್ಲಿ ಕೊಟ್ಟು, ತಿಳಿದ ಕೂಡಲೇ ನಿಲ್ಲಿಸಿದ್ದರೆ ಸಾಮಾನ್ಯವಾಗಿ ಹಾನಿಯಾಗುವುದಿಲ್ಲ. ಟ್ಯಾಮಾಕ್ಸಿಫೆನ್ ಮಾತ್ರೆಯಿಂದ ಮುಖ ಮತ್ತು ಜನನಾಂಗಗಳ ವೈಕಲ್ಯ ವರದಿಯಾಗಿದೆ. ಅದನ್ನೂ ಉಳಿದ ಹಾರ್ಮೋನು ಚಿಕಿತ್ಸೆಯನ್ನೂ ಹೆರಿಗೆಯ ನಂತರವೇ ಶುರು ಮಾಡಬೇಕು. ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುವ ಪೆಂಬ್ರೊಲಿಜುಮಾಬ್‌ನಂಥ ಹೊಸ ಔಷಧಿಗಳನ್ನೂ ಕೊಡುವಂತಿಲ್ಲ, ಏಕೆಂದರೆ ತಾಯಿಯ ದೇಹ ಭ್ರೂಣವನ್ನು ಪರಕೀಯವೆಂದು ತಿರಸ್ಕರಿಸದಂತೆ ತಡೆದಿರುವ ವ್ಯವಸ್ಥೆಯನ್ನೇ ಅವು ಕೆಡಿಸಬಲ್ಲವು.

ಆಡುಮಾತಿನಲ್ಲಿ ‘ಕರೆಂಟು ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆಯಲ್ಲಿ ಸ್ತನಕ್ಕೆ ಒಟ್ಟು 40ರಿಂದ 50 ಗ್ರೇ ಪ್ರಮಾಣ ಕೊಡುತ್ತಾರೆ. ಭ್ರೂಣಕ್ಕೆ 0.1 ಗ್ರೇ ಮೀರಿದರೆ ಹಾನಿಯ ಭಯ. 8ರಿಂದ 15ನೆಯ ವಾರದ ನಡುವೆ ಮೆದುಳಿಗೆ ಪೆಟ್ಟು ಬೀಳುವ ಸಂಭವ ಹೆಚ್ಚು. ವಿಕಿರಣದ ಕಿರಣಪುಂಜದಿಂದ ಗರ್ಭಕೋಶ ದೂರವಿರುವ ಆರಂಭದ ತಿಂಗಳುಗಳಲ್ಲಿ ಚದುರಿ ತಲುಪುವ ಪ್ರಮಾಣ ಕಡಿಮೆ. ಹೊಟ್ಟೆ ಮೇಲೇರುತ್ತ ಹೋದಂತೆ ಅದು ಎಷ್ಟೋ ಪಟ್ಟು ಹೆಚ್ಚುತ್ತದೆ. ಅತ್ಯಗತ್ಯವೆನಿಸಿದ ಕೆಲವು ಬಸುರಿಯರಿಗೆ ಆರಂಭದ ತಿಂಗಳುಗಳಲ್ಲಿ ಕೊಟ್ಟದ್ದಿದೆ, ಆದರೆ ಸಾಮಾನ್ಯ ನಿಯಮ ಮುಂದೂಡುವುದೇ.

ಹೆರಿಗೆ ಮತ್ತು ಮಗು

ಒಂದು ಕಾಲದಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಅನುಕೂಲವಾಗಲೆಂದು 32–34 ವಾರಕ್ಕೇ ಹೆರಿಗೆ ಮಾಡಿಸುತ್ತಿದ್ದರು. ಅದರ ಬೆಲೆ ಎಷ್ಟೆಂಬುದು ಮಕ್ಕಳನ್ನು ಹಿಂಬಾಲಿಸಿ ನೋಡಿದಾಗ ಗೊತ್ತಾಯಿತು. ಅಮಾಂಟ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಸಿರಿನಲ್ಲಿ ವಿವಿಧ ಕ್ಯಾನ್ಸರಿಗೆ ತುತ್ತಾದ ತಾಯಂದಿರ 129 ಮಕ್ಕಳನ್ನು ಅಷ್ಟೇ ಸಂಖ್ಯೆಯ ಸಾಮಾನ್ಯ ಮಕ್ಕಳೊಂದಿಗೆ ಹೋಲಿಸಲಾಗಿತ್ತು. ಇವರಲ್ಲಿ 96 ಮಕ್ಕಳು ಗರ್ಭದಲ್ಲಿ ಕೀಮೋಥೆರಪಿಗೆ ಒಡ್ಡಿಕೊಂಡವರು. ಒಂದೂವರೆ ಮತ್ತು ಮೂರು ವರ್ಷದ ಹೊತ್ತಿಗೆ ನಡೆಸಿದ ಪರೀಕ್ಷೆಗಳಲ್ಲಿ ಬುದ್ಧಿ, ಹೃದಯ, ಬೆಳವಣಿಗೆ ಯಾವುದರಲ್ಲೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಂಕಗಳನ್ನು ಇಳಿಸಿದ್ದು ಎರಡೂ ಗುಂಪಿನಲ್ಲಿ ತಿಂಗಳು ತುಂಬದೆ ಹುಟ್ಟಿದ್ದು. ಜರ್ಮನಿಯ ಗುಂಪು 2012ರಲ್ಲಿ ಪ್ರಕಟಿಸಿದ ದಾಖಲೆಯಲ್ಲೂ ನವಜಾತ ಶಿಶುಗಳ ತೊಂದರೆಗಳಿಗೆ ಕೀಮೋಗಿಂತ ಅಕಾಲ ಹೆರಿಗೆಯೇ ಹೆಚ್ಚು ಕಾರಣವಾಗಿತ್ತು. ಹಾಗಾಗಿ 37 ವಾರ ದಾಟಿಸುವುದು ಈಗಿನ ಗುರಿ. ಡಾಕ್ಸೊರೂಬಿಸಿನ್ ಗುಂಪಿನ ಔಷಧಿಗಳು ದೊಡ್ಡವರ ಹೃದಯಕ್ಕೆ ಹಾನಿ ಮಾಡಬಲ್ಲವಾದ್ದರಿಂದ ಈ ಮಕ್ಕಳ ಹೃದಯವನ್ನು ದೀರ್ಘಕಾಲ ಗಮನಿಸುವಂತೆ ಸಲಹೆ ಮಾಡಲಾಗುತ್ತದೆ.

ಪ್ರಸೂತಿಯ ದೃಷ್ಟಿಯಿಂದ ಬೇರೆ ಕಾರಣವಿಲ್ಲದಿದ್ದರೆ ಸಹಜ ಹೆರಿಗೆಯೇ ಒಳ್ಳೆಯದು. ಸಿಸೇರಿಯನ್ ಗಾಯ ಮಾಯುವವರೆಗೆ ಮುಂದಿನ ಚಿಕಿತ್ಸೆಗೆ ಕಾಯಬೇಕಾಗುತ್ತದೆ. ಮಾಸನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಸ್ತನ ಕ್ಯಾನ್ಸರ್ ಮಾಸಿಗೆ ಹರಡುವುದು ಬಲು ಅಪರೂಪ. ಕೀಮೋ, ಟ್ಯಾಮಾಕ್ಸಿಫೆನ್ ಅಥವಾ ಟ್ರಾಸ್ಟುಜುಮಾಬ್ ನಡೆಯುತ್ತಿರುವಾಗ ಎದೆಹಾಲು ಕೊಡುವಂತಿಲ್ಲ. ಹುಟ್ಟಿದ ಕೂಡಲೇ ಮಗುವಿಗೆ ಹಾಲೂಡಿಸಲಾಗದ ಬಾಣಂತಿಗೆ ಇದು ದೊಡ್ಡ ನೋವು. ತವರಿನ ಬಾಣಂತನದ ನಡುವೆ ಆಸ್ಪತ್ರೆಗೆ ಓಡಾಡಬೇಕಾದ ಕಷ್ಟವೂ ಜೊತೆಗೂಡುತ್ತದೆ. ಚಿಕಿತ್ಸೆ ಪೂರ್ತಿ ಮುಗಿದವರು ಮುಂದಿನ ಮಗುವಿಗೆ ರೋಗ ತಗಲದ ಸ್ತನದಿಂದ ಹಾಲೂಡಿಸಬಹುದು.

ಇಷ್ಟೆಲ್ಲ ನಡೆಯಲು ಕ್ಯಾನ್ಸರ್ ತಜ್ಞರು, ಶಸ್ತ್ರವೈದ್ಯರು, ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ನವಜಾತ ಶಿಶು ವೈದ್ಯರು ಒಟ್ಟಿಗೆ ಕೂತು ವಾರದ ಲೆಕ್ಕ ಹಾಕಬೇಕು. ಕ್ಯಾನ್ಸರಿಗೆಂದೇ ಇರುವ ಆಸ್ಪತ್ರೆ ಒಂದೆಡೆ, ಹೆರಿಗೆ ಆಸ್ಪತ್ರೆ ಇನ್ನೊಂದೆಡೆ ಇರುವುದು ಭಾರತದಲ್ಲಿ ಸಾಮಾನ್ಯ. ಬೆಂಗಳೂರಿನಲ್ಲೂ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಮತ್ತು ವಾಣಿ ವಿಲಾಸ ಹೆರಿಗೆ ಆಸ್ಪತ್ರೆ ಪ್ರತ್ಯೇಕ ಸಂಸ್ಥೆಗಳೇ. ಇಂಥ ಕಡೆ ಎರಡೂ ಕಡೆಯ ವೈದ್ಯರ ನಡುವೆ ಕಾಗದಪತ್ರ ಹೊತ್ತು ತಿರುಗುವ ಕೆಲಸ ಬಹಳ ಸಲ ಬಸುರಿಯ ಮನೆಯವರ ಪಾಲಿಗೆ ಬರುತ್ತದೆ.

ರೋಗಿಯ ಮುಂದಿನ ಗತಿ

ಅಮಾಂಟ್ ತಂಡದ 2013ರ ವರದಿ ಬಸಿರಿನಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾದ 311 ಹೆಂಗಸರನ್ನು ಬಸುರಿಯರಲ್ಲದ 865 ರೋಗಿಗಳೊಂದಿಗೆ ಹೋಲಿಸಿತು. ವಯಸ್ಸು, ಹಂತ, ಗಡ್ಡೆಯ ಬಗೆ, ಚಿಕಿತ್ಸೆ ಇವುಗಳನ್ನು ಸರಿದೂಗಿಸಿದ ಮೇಲೆ ಬದುಕುಳಿಯುವ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹೆರಿಗೆಯ ನಂತರದ ವರ್ಷಗಳಲ್ಲಿ ಪತ್ತೆಯಾಗುವ ಕ್ಯಾನ್ಸರುಗಳ ಗತಿ ಮಾತ್ರ ಕೆಟ್ಟದ್ದು. ಹಾಲು ನಿಂತ ಮೇಲೆ ಸ್ತನ ತನ್ನ ಹಿಂದಿನ ರೂಪಕ್ಕೆ ಮರಳುವಾಗ ಅಂಗಾಂಶದಲ್ಲಿ ಗಾಯ ಮಾಯುವಾಗಿನಂಥ ಉರಿಯೂತ ಏಳುತ್ತದೆ. ಅದು ಕ್ಯಾನ್ಸರ್ ಕೋಶಗಳ ಹರಡುವಿಕೆಗೆ ಅನುಕೂಲ ಮಾಡಿಕೊಡುತ್ತದೆ ಎಂಬುದು ಅಮೆರಿಕದ ಪೆಪ್ಪರ್ ಶೆಡಿನ್, ವರ್ಜೀನಿಯಾ ಬೋರ್ಗೆಸ್ ಮುಂತಾದವರ ಸಂಶೋಧನೆಯಿಂದ ಬಂದ ವಿವರಣೆ.

ಚಿಕಿತ್ಸೆ ಮುಗಿಸಿದವರು ಮತ್ತೆ ಬಸುರಿಯಾದರೆ ರೋಗ ಮರುಕಳಿಸುತ್ತದೆಂಬ ಹಳೆಯ ಭಯಕ್ಕೂ ಆಧಾರ ಸಿಕ್ಕಿಲ್ಲ. ಹಾರ್ಮೋನು ಗ್ರಾಹಕವುಳ್ಳ ಕ್ಯಾನ್ಸರಿಗೆ ಐದರಿಂದ ಹತ್ತು ವರ್ಷ ಮಾತ್ರೆ ನುಂಗಬೇಕಾದ್ದರಿಂದ ಅಷ್ಟರಲ್ಲಿ ಮಕ್ಕಳಾಗುವ ವಯಸ್ಸು ದಾಟಿಹೋಗುವುದು ಈ ಹೆಂಗಸರ ಸಮಸ್ಯೆ. ‘ಪಾಸಿಟಿವ್’ ಹೆಸರಿನ ಅಂತರರಾಷ್ಟ್ರೀಯ ಅಧ್ಯಯನದಲ್ಲಿ 18ರಿಂದ 30 ತಿಂಗಳು ಹಾರ್ಮೋನು ಚಿಕಿತ್ಸೆ ಪಡೆದ, 42 ವರ್ಷ ಮೀರದ 500ಕ್ಕೂ ಹೆಚ್ಚು ಹೆಂಗಸರು ಮಗುವಿಗಾಗಿ ಎರಡು ವರ್ಷದವರೆಗೆ ಅದನ್ನು ನಿಲ್ಲಿಸಿದ್ದರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವರಲ್ಲಿ ಮುಕ್ಕಾಲು ಭಾಗ ಬಸುರಿಯಾದರು. ಮೂರು ವರ್ಷಗಳಲ್ಲಿ ರೋಗ ಮರುಕಳಿಸಿದ್ದು ಇವರಲ್ಲಿ ನೂರಕ್ಕೆ 8.9, ಚಿಕಿತ್ಸೆ ನಿಲ್ಲಿಸದ ಹೋಲಿಕೆಯ ಗುಂಪಿನಲ್ಲಿ 9.2. ಈ ಬಗೆಯ ಕ್ಯಾನ್ಸರ್ ಹತ್ತು ಹದಿನೈದು ವರ್ಷದ ಮೇಲೂ ಮರುಕಳಿಸಬಲ್ಲದಾದ್ದರಿಂದ ಅವರನ್ನು ಇನ್ನೂ ಗಮನಿಸಲಾಗುತ್ತಿದೆ. ಟ್ಯಾಮಾಕ್ಸಿಫೆನ್ ನಿಲ್ಲಿಸಿ ಮೂರು ತಿಂಗಳು, ಟ್ರಾಸ್ಟುಜುಮಾಬ್ ನಿಲ್ಲಿಸಿ ಏಳು ತಿಂಗಳು ಕಳೆಯುವವರೆಗೆ ಬಸಿರು ನಿಲ್ಲದಂತೆ ಎಚ್ಚರ ವಹಿಸಬೇಕು. ಅದಕ್ಕೆ ಹಾರ್ಮೋನು ಇಲ್ಲದ ತಾಮ್ರದ ವಂಕಿ, ಕಾಂಡೊಮ್‌ಗಳಂಥ ವಿಧಾನಗಳನ್ನೇ ಬಳಸಬೇಕು.